ಸುತ್ತೋಲೆಯಿಂದ ತರಗತಿಯವರೆಗೆ

(ಆಕಾಶವಾಣಿ ಭಾಷಣ)

ಕುಲಪತಿ ಎಂಬ ಮಾತು ನಮ್ಮಲ್ಲಿ ಬಹಳ ಹಳೆಯದು. ಹತ್ತು ಸಾವಿರ ಶಿಷ್ಯರಿಗೆ ಅನ್ನವಿಟ್ಟು ವಿದ್ಯೆ ಹೇಳುವವನು ಕುಲಪತಿ ಎಂದು ಹಿಂದಿನವರು ಅದಕ್ಕೆ ಅರ್ಥ ಹೇಳಿದ್ದಾರೆ. ಮಹಾಭಾರತದ ಹೆಬ್ಬಾಗಿಲಿನಲ್ಲಿಯೇ ನಮಗೊಬ್ಬ ಕುಲಪತಿ ಎದುರಾಗುತ್ತಾನೆ. ನೈಮಿಷಾರಣ್ಯದಲ್ಲಿ ಹನ್ನೆರಡು ವರ್ಷಗಳ ಸತ್ರಯಾಗಕ್ಕೆ ಕುಳಿತ ಶೌನಕನೇ ಆತ. ಅಷ್ಟು ದೊಡ್ಡ ಗುರುಕುಲದ ಒಡೆಯನಾದರೂ ಆತ ಅಲ್ಲಿ ಉಪನ್ಯಾಸಕ್ಕೆ ತೊಡಗುವುದಿಲ್ಲ. ಊರೂರು ಸುತ್ತಿ ಬಂದ ಸೂತಪುತ್ರ ಉಗ್ರಶ್ರವಸನನ್ನು ಕೂರಿಸಿಕೊಂಡು, ಎಲ್ಲಿಂದ ಬಂದೆ, ಏನು ಕಂಡೆ ಎಂದು ಕೇಳುವವರ ನಡುವೆ ತಾನೂ ಒಬ್ಬ ಕೇಳುಗನಾಗುತ್ತಾನೆ. ಆ ಕೇಳುವಿಕೆಯಿಂದ ಒಂದು ಮಹಾಕಾವ್ಯವೇ ಹೊರಬಂತು.

ನಮ್ಮ ಕಾಲದ ವಿಶ್ವವಿದ್ಯಾನಿಲಯಗಳು ಪಶ್ಚಿಮದಿಂದ ಬಂದವು. ಆದರೆ ಅವುಗಳ ಅಧಿಕಾರಸ್ಥಾನಗಳಿಗೆ ಹೆಸರಿಡುವಾಗ ಕನ್ನಡಿಗರು ಆ ಆಶ್ರಮದ ಕಡೆಗೇ ತಿರುಗಿದರು. ವೈಸ್ ಛಾನ್ಸಲರ್ ಎನ್ನುವವರನ್ನು ಮೊದಲು ಉಪಕುಲಪತಿ ಎಂದೆವು, ಬರಬರುತ್ತ ಕುಲಪತಿ ಎಂದೆವು. ರಿಜಿಸ್ಟ್ರಾರರು ಕುಲಸಚಿವರಾದರು. ಹೆಸರೇನೋ ಆಶ್ರಮದ್ದು, ಕೆಲಸ ಮಾತ್ರ ಕಚೇರಿಯದು. ಈ ಎರಡರ ನಡುವೆ ಕುಲಪತಿಯಾದವರು ನೂರು ವರ್ಷಗಳಿಂದ ಮಾಡುತ್ತ ಬಂದಿರುವ ಒಂದು ಕೆಲಸವನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ವಿದ್ಯಾಲಯದಲ್ಲಿ ಏನು ಹೊಸದಾಗಿ ನಡೆಯುತ್ತಿದೆ, ಮುಂದೆ ಏನು ನಡೆಯಲಿದೆ ಎಂಬುದನ್ನು ತಮ್ಮ ಅಧ್ಯಾಪಕರಿಗೆ ತಿಳಿಸುವ ಕೆಲಸ ಅದು. ಅದಕ್ಕೆ ವಾರ್ಷಿಕ ವರದಿ ಇದೆ, ಘಟಿಕೋತ್ಸವದ ಭಾಷಣ ಇದೆ, ಸೆನೆಟ್ ಸಭೆ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಸುತ್ತೋಲೆ ಇದೆ. ಈ ಸುದ್ದಿಗಳಲ್ಲಿ ಯಾವುದು ಕಾಗದದಲ್ಲಿ ಉಳಿಯಿತು, ಯಾವುದು ತರಗತಿಯವರೆಗೆ ನಡೆದುಬಂತು? ಮೈಸೂರು ವಿಶ್ವವಿದ್ಯಾನಿಲಯದ ಚರಿತ್ರೆಯನ್ನು ಈ ಪ್ರಶ್ನೆಯಿಟ್ಟುಕೊಂಡು ನೋಡಿದರೆ, ಸಾಮಾನ್ಯವಾಗಿ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು ೧೯೧೬ರ ಜುಲೈ ೨೭ರಂದು. ದೇಶೀ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ಅದರ ಛಾನ್ಸಲರು, ಸರ್ ಎಂ. ವಿಶ್ವೇಶ್ವರಯ್ಯನವರು ಆಗ ದಿವಾನರು, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಅದಕ್ಕೆ ಮುಂಚೆ ಮೈಸೂರು ಸೀಮೆಯ ಕಾಲೇಜುಗಳು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ಪಠ್ಯ ಅಲ್ಲಿಂದ ಬರಬೇಕು, ಪ್ರಶ್ನಪತ್ರಿಕೆ ಅಲ್ಲಿಂದ ಬರಬೇಕು, ಹೊಸ ಸುದ್ದಿ ಏನಿದ್ದರೂ ಅಲ್ಲಿಂದಲೇ ಬರಬೇಕು. ೧೯೧೬ರಿಂದ ಆ ಸುದ್ದಿಯ ಮೂಲ ಮೈಸೂರೇ ಆಯಿತು. ಮೊದಲ ವರ್ಷಗಳಲ್ಲಿ ಸಂಸಾರ ಚಿಕ್ಕದು. ಕಲೆಯ ವಿಷಯಗಳಿಗೆ ಮೈಸೂರಿನ ಮಹಾರಾಜಾ ಕಾಲೇಜು, ವಿಜ್ಞಾನಕ್ಕೆ ಬೆಂಗಳೂರಿನ ಸೆಂಟ್ರಲ್ ಕಾಲೇಜು. ಇಷ್ಟು ಚಿಕ್ಕ ಮನೆಯಲ್ಲಿ ಸುದ್ದಿ ಹರಡಲು ಸುತ್ತೋಲೆ ಬೇಕಾಗುವುದಿಲ್ಲ.

ಆದರೆ ಆ ಮೊದಲ ಉಪಕುಲಪತಿಗಳ ಬದುಕಿನಲ್ಲಿ ಒಂದು ವಿಚಿತ್ರ ಸನ್ನಿವೇಶವಿತ್ತು. ೧೯೧೫ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಅಧ್ಯಕ್ಷರಾದವರೂ ಅವರೇ. ಕನ್ನಡಕ್ಕಾಗಿ ಕಟ್ಟಿದ ಸಂಸ್ಥೆಯ ಅಧ್ಯಕ್ಷರೂ ಇಂಗ್ಲಿಷಿನಲ್ಲಿ ಪಾಠ ನಡೆಯುವ ವಿದ್ಯಾಲಯದ ಮುಖ್ಯಸ್ಥರೂ ಒಬ್ಬರೇ! ಆ ಕಾಲಕ್ಕೆ ಇದು ಯಾರಿಗೂ ವಿರೋಧವೆಂದು ತೋರಿರಲಾರದು. ಕನ್ನಡ ಸಾಹಿತ್ಯಕ್ಕೆ, ಇಂಗ್ಲಿಷು ಶಾಸ್ತ್ರಕ್ಕೆ ಎಂಬ ವಿಭಾಗ ಸಹಜವೆನ್ನಿಸಿತ್ತು. ಮುಂದಿನ ನಲವತ್ತು ವರ್ಷಗಳ ಕಥೆ ಈ ವಿಭಾಗದ ಗೋಡೆಯಲ್ಲಿ ಬಿರುಕು ಮೂಡಿದ ಕಥೆ.

೧೯೧೮ರಲ್ಲಿ ವಿಶ್ವವಿದ್ಯಾನಿಲಯದ ಮೊದಲ ಘಟಿಕೋತ್ಸವ ನಡೆದಾಗ ಭಾಷಣಕ್ಕೆ ಬಂದವರು ಕಲ್ಕತ್ತೆಯ ಸರ್ ಆಶುತೋಷ ಮುಖರ್ಜಿ. ಮರುವರ್ಷವೇ, ಎಂದರೆ ೧೯೧೯ರಲ್ಲಿ, ಕಲ್ಕತ್ತ ವಿಶ್ವವಿದ್ಯಾನಿಲಯ ದೇಶಭಾಷೆಗಳಲ್ಲಿ ಎಂ.ಎ. ತರಗತಿಗಳನ್ನು ತೆರೆಯಿತು, ಅದರ ಹಿಂದಿದ್ದ ಶಕ್ತಿ ಅವರೇ. ಕಲ್ಕತ್ತೆಗೂ ಮೈಸೂರಿಗೂ ಆಗ ವಿದ್ವಾಂಸರ ಕೊಡುಕೊಳೆ ನಡೆಯುತ್ತಿತ್ತು. ಅಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬ್ರಜೇಂದ್ರನಾಥ ಸೀಲರು ನಂಜುಂಡಯ್ಯನವರ ತರುವಾಯ ಮೈಸೂರಿಗೆ ಉಪಕುಲಪತಿಗಳಾಗಿ ಬಂದರು. ಅವರು ತೆರವು ಮಾಡಿದ ಪೀಠಕ್ಕೆ ೧೯೨೧ರಲ್ಲಿ ಮೈಸೂರಿನಿಂದ ಹೋದವರು ಸರ್ವೇಪಲ್ಲಿ ರಾಧಾಕೃಷ್ಣನ್.

ಸೀಲರು ೧೯೩೦ರವರೆಗೆ ಆ ಸ್ಥಾನದಲ್ಲಿದ್ದರು. ಅವರು ಕನ್ನಡಿಗರಲ್ಲ. ಆದರೂ ಕನ್ನಡಕ್ಕೆ ಎಂ.ಎ. ತರಗತಿ ಬಂದದ್ದು ಅವರ ಅವಧಿಯಲ್ಲಿ, ೧೯೨೭ರಲ್ಲಿ. ಬಿ.ಎಂ. ಶ್ರೀಕಂಠಯ್ಯನವರು ಆಗ ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರು. ಟಿ.ಎಸ್. ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿಗಳಂಥವರು ಅಧ್ಯಾಪಕರು. ಮೊದಲ ತಂಡದಲ್ಲಿ ಕುಳಿತವರಲ್ಲಿ ಒಬ್ಬರು ಕೆ.ವಿ. ಪುಟ್ಟಪ್ಪ, ಇನ್ನೊಬ್ಬರು ಡಿ.ಎಲ್. ನರಸಿಂಹಾಚಾರ್ಯ. ಒಂದು ತರಗತಿ ತೆರೆದ ಸುದ್ದಿ ಕ್ಯಾಲೆಂಡರಿನ ಒಂದು ಸಾಲಾಗಿ ಮುಗಿಯಬಹುದಾಗಿತ್ತು. ಕಲಿಸುವವರು ಅಂಥವರು, ಕಲಿಯುವವರು ಇಂಥವರಾದುದರಿಂದ ಅದು ಕನ್ನಡ ಸಾಹಿತ್ಯದ ಒಂದು ಅಧ್ಯಾಯವೇ ಆಯಿತು.

ಇಲ್ಲಿ ಸ್ವಲ್ಪ ನಿಂತು, ಅಧಿಕಾರಸ್ಥಾನದಿಂದ ಕಣ್ಣು ತೆಗೆದು, ಅಧ್ಯಾಪಕರ ಕೊಠಡಿಯ ಕಡೆಗೆ ನೋಡಬೇಕು. ಆ ಕೊಠಡಿಗಳಲ್ಲಿ ಯಾವ ಸುತ್ತೋಲೆಯನ್ನೂ ಕಾಯದೆ ನಡೆದ ಕೆಲಸಗಳು ಬೆರಗು ಹುಟ್ಟಿಸುತ್ತವೆ.

ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ಕೆಲವೇ ವರ್ಷ ನಡೆದು ನಿಂತಿತು. ಆದರೆ ಆ ಅಲ್ಪಾಯುಷ್ಯದಲ್ಲಿಯೇ, ವಿಜ್ಞಾನವನ್ನು ಕನ್ನಡದಲ್ಲಿ ಬರೆಯಲು ಬರುವುದೇ ಎಂಬ ಪ್ರಶ್ನೆಗೆ ಬರೆದೇ ಉತ್ತರ ಕೊಟ್ಟಿತು. ಅದೇ ಬೆಳ್ಳಾವೆಯವರು ಪಂಪಭಾರತವನ್ನೂ ಸಂಪಾದಿಸಿದರು ಎಂದರೆ ಆ ತಲೆಮಾರಿನ ವಿದ್ವತ್ತಿನ ಹರಹು ತಿಳಿಯುತ್ತದೆ. ೧೯೧೯ರಲ್ಲಿ ಅದೇ ಕಾಲೇಜಿನ ಕರ್ಣಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳ ‘ಪ್ರಬುದ್ಧ ಕರ್ಣಾಟಕ’ ಹೊರಟಿತು. ಮುಂದೆ ವಿಶ್ವವಿದ್ಯಾನಿಲಯ ಅದನ್ನು ತನ್ನದಾಗಿ ಮಾಡಿಕೊಂಡಿತು. ಶ್ರೀಕಂಠಯ್ಯನವರು ವಿಶ್ವವಿದ್ಯಾನಿಲಯ ಹುಟ್ಟುವುದಕ್ಕೂ ಮೊದಲೇ, ೧೯೧೧ರಲ್ಲಿ, ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಮಾತನಾಡಿದ್ದರು. ಅವರು ಇಂಗ್ಲಿಷ್ ಅಧ್ಯಾಪಕರು ಎಂಬುದನ್ನು ನೆನೆದರೆ ಆ ಮಾತಿನ ತೂಕ ಹೆಚ್ಚುತ್ತದೆ.

೧೯೩೦ರ ದಶಕದಲ್ಲಿ ಪ್ರಚಾರೋಪನ್ಯಾಸಗಳು ಬಂದವು. ಅಧ್ಯಾಪಕರು ಊರುಗಳಿಗೆ ಹೋಗಿ ಚರಿತ್ರೆ, ವಿಜ್ಞಾನ, ಆರೋಗ್ಯ, ಅರ್ಥಶಾಸ್ತ್ರ ಮುಂತಾದ ವಿಷಯಗಳನ್ನು ಕುರಿತು ಕನ್ನಡದಲ್ಲಿ ಮಾತನಾಡುವುದು, ಆ ಮಾತನ್ನು ಚಿಕ್ಕ ಪುಸ್ತಕವಾಗಿ ಕೆಲವೇ ಆಣೆಗಳಿಗೆ ಮಾರುವುದು ಇದರ ಕ್ರಮ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದನ್ನು ಊರಿನ ಶಾಲೆಯ ಅಂಗಳದಲ್ಲಿ, ಪುರಭವನದಲ್ಲಿ ಕನ್ನಡದಲ್ಲಿ ಹೇಳಬೇಕು. ಎದುರಿಗೆ ಕುಳಿತ ರೈತನಿಗೆ, ವರ್ತಕನಿಗೆ, ಶಾಲೆಯ ಉಪಾಧ್ಯಾಯನಿಗೆ ತಿಳಿಯಬೇಕು. ಈ ಅಭ್ಯಾಸ ಎಷ್ಟೋ ಅಧ್ಯಾಪಕರ ನಾಲಗೆಯನ್ನು ಬಿಡಿಸಿತು.

ನಾನು ಈ ಮಾತುಗಳನ್ನು ಆಡುತ್ತಿರುವ ಬಾನುಲಿಯ ಕಥೆಯೂ ಇಂಥದೇ. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ೩೦ ವಾಟಿನ ಒಂದು ಪ್ರಸಾರಯಂತ್ರವನ್ನಿಟ್ಟು ಬಾನುಲಿ ನಿಲಯವನ್ನು ಆರಂಭಿಸಿದರು. ಅದಕ್ಕೆ ಬಂದ ಹೆಸರು ಆಕಾಶವಾಣಿ. ಒಬ್ಬ ಅಧ್ಯಾಪಕನ ಮನೆಯಲ್ಲಿ ಹುಟ್ಟಿದ ಆ ನಿಲಯವನ್ನು ಕೆಲವು ವರ್ಷಗಳ ಮೇಲೆ ಸಂಸ್ಥಾನದ ಸರ್ಕಾರ ವಹಿಸಿಕೊಂಡಿತು. ಇದಕ್ಕೆ ಯಾವ ಉಪಕುಲಪತಿಯ ಯೋಜನೆ ಕಾರಣ? ಯಾವ ಸಮಿತಿಯ ಶಿಫಾರಸು ಕಾರಣ?

ಈ ಉದಾಹರಣೆಗಳನ್ನು ಹೇಳಿದುದು ಉಪಕುಲಪತಿಗಳ ಪಾತ್ರವನ್ನು ಕುಗ್ಗಿಸುವುದಕ್ಕಲ್ಲ. ಮಾಡುವವನು ಮಾಡಿದ ಮೇಲೆ ಆ ಕೆಲಸಕ್ಕೆ ನೆರಳು ಬೇಕು, ಹಣ ಬೇಕು, ಮುಂದುವರಿಕೆ ಬೇಕು. ಅದನ್ನು ಕೊಡುವುದು ಸಂಸ್ಥೆ. ‘ವಿಜ್ಞಾನ’ ಪತ್ರಿಕೆಗೆ ಆ ನೆರಳು ಸಿಗಲಿಲ್ಲ, ಅದು ಒಣಗಿತು. ‘ಪ್ರಬುದ್ಧ ಕರ್ಣಾಟಕ’ಕ್ಕೆ ಸಿಕ್ಕಿತು, ಅದು ದಶಕಗಳ ಕಾಲ ಬಾಳಿತು. ಅಧ್ಯಾಪಕರ ಕೊಠಡಿಯಲ್ಲಿ ಏನು ಮೊಳೆಯುತ್ತಿದೆ ಎಂಬುದನ್ನು ಕಂಡುಕೊಳ್ಳುವುದೂ ಮುಖ್ಯಸ್ಥರ ಕೆಲಸವೇ ಎಂಬುದನ್ನು ಈ ಎರಡು ಪತ್ರಿಕೆಗಳ ಆಯುಸ್ಸು ಹೇಳುತ್ತದೆ.

೧೯೫೬ಕ್ಕೆ ಬರೋಣ. ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯ ಉದಯವಾದ ವರ್ಷ ಅದು. ದೆಹಲಿಯಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗಕ್ಕೆ ಶಾಸನದ ಬಲ ಬಂದದ್ದೂ ಅದೇ ವರ್ಷ. ಇಂಥ ಸಂಧಿಕಾಲದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದವರು ಕುವೆಂಪು. ೧೯೨೭ರ ಆ ಮೊದಲ ಕನ್ನಡ ಎಂ.ಎ. ತರಗತಿಯ ವಿದ್ಯಾರ್ಥಿ, ೧೯೨೯ರಿಂದ ಅಧ್ಯಾಪಕ, ೧೯೫೫ರಲ್ಲಿ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲ್. ಮೈಸೂರು ವಿಶ್ವವಿದ್ಯಾನಿಲಯದಲ್ಲಿಯೇ ಓದಿ ಪದವಿ ಪಡೆದು ಅದರ ಉಪಕುಲಪತಿಯಾದವರಲ್ಲಿ ಅವರೇ ಮೊದಲಿಗರು. ೧೯೬೦ರವರೆಗೆ ಅವರು ಆ ಸ್ಥಾನದಲ್ಲಿದ್ದರು. ಅವರ ಮುಂದೆ ಕುಳಿತ ಅಧ್ಯಾಪಕರಲ್ಲಿ ಹಲವರು ಅವರ ಸಹೋದ್ಯೋಗಿಗಳು, ಕೆಲವರು ಅವರ ಶಿಷ್ಯರು. ಆ ಕೊಠಡಿಯ ಮಾತು, ಮುನಿಸು, ಸಂಕೋಚ ಎಲ್ಲವನ್ನೂ ಇಪ್ಪತ್ತೇಳು ವರ್ಷ ಒಳಗಿದ್ದು ಬಲ್ಲವರು ಅವರು.

ಅವರು ತಮ್ಮ ಅಧ್ಯಾಪಕರ ಮುಂದಿಟ್ಟ ಹೊಸ ವಿಚಾರಗಳು ಮುಖ್ಯವಾಗಿ ಮೂರು. ವಿಶ್ವವಿದ್ಯಾನಿಲಯದ ಕೆಲಸವನ್ನು ಅಧ್ಯಯನಾಂಗ, ಸಂಶೋಧನಾಂಗ, ಪ್ರಸಾರಾಂಗ ಎಂದು ಮೂರು ಅಂಗಗಳಾಗಿ ಕಾಣುವುದು ಒಂದು. ಸ್ನಾತಕೋತ್ತರ ವಿಭಾಗಗಳನ್ನು ಮೈಸೂರಿನಲ್ಲಿ ಒಂದು ಪ್ರತ್ಯೇಕ ನೆಲೆಗೆ ತರುವುದು ಎರಡು. ಕಾಲೇಜಿನ ಪಾಠವನ್ನು ಕನ್ನಡದಲ್ಲಿ ಹೇಳುವುದಕ್ಕೆ ದಾರಿ ಮಾಡುವುದು ಮೂರು.

ಈ ಮೂರರಲ್ಲಿ ಮೊದಲನೆಯದನ್ನು ನೋಡಿ. ವಿಶ್ವವಿದ್ಯಾನಿಲಯವೆಂದರೆ ಪಾಠ ಹೇಳಿ ಪರೀಕ್ಷೆ ಮಾಡುವ ಯಂತ್ರ ಎಂಬ ಭಾವನೆ ರೂಢಿಯಾಗಿತ್ತು. ಸಂಶೋಧನೆ ಕೆಲವರ ಹವ್ಯಾಸ, ಜನರ ಬಳಿಗೆ ಹೋಗುವುದು ಇನ್ನು ಕೆಲವರ ಉತ್ಸಾಹ. ಇವೆರಡನ್ನೂ ಬೋಧನೆಯ ಸಮಕ್ಕೆ ತಂದು, ಮೂರೂ ಸೇರಿದರೆ ಮಾತ್ರ ಶರೀರ ಪೂರ್ಣ ಎಂದು ಹೇಳಿದುದು ದೊಡ್ಡ ಮಾತು. ಅದನ್ನು ಹೇಳಿದ ಬಗೆಯೂ ಗಮನಾರ್ಹ. ‘ಎಕ್ಸ್‌ಟೆನ್ಷನ್’ ಎಂಬ ಮಾತು ವಿಶ್ವವಿದ್ಯಾನಿಲಯ ತನ್ನ ಕೈಯನ್ನು ಹೊರಗೆ ಚಾಚಿದಂತೆ ಕಾಣಿಸುತ್ತದೆ. ಪ್ರಸಾರಾಂಗ ಎಂದಾಗ ಅದು ದೇಹದ ಭಾಗವೇ ಆಗುತ್ತದೆ, ಕತ್ತರಿಸಿದರೆ ಅಂಗಹೀನತೆ. ಕವಿಯೊಬ್ಬ ಆಡಳಿತಗಾರನಾದಾಗ ನಡೆಯಬಹುದಾದ ಒಳ್ಳೆಯ ಕೆಲಸ ಇದು. ಸುತ್ತೋಲೆಯ ಹತ್ತು ಪುಟ ಮಾಡಲಾರದ್ದನ್ನು ಒಂದು ಪದ ಮಾಡಿತು. ಆ ಪದ ಎಷ್ಟು ಬಾಳಿಕೆಯದಾಯಿತೆಂದರೆ, ೧೯೯೧ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದಾಗ ಅಲ್ಲಿಯೂ ಅಧ್ಯಯನಾಂಗ, ಪ್ರಸಾರಾಂಗ ಎಂಬ ಹೆಸರುಗಳೇ ನಿಂತವು.

ಎರಡನೆಯದು ನೆಲದ ಕೆಲಸ. ಕುಕ್ಕರಹಳ್ಳಿ ಕೆರೆಯ ಆಚೆ, ೧೯೦೫ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸ ಅರಮನೆ ಇದೆ. ಅದರ ಸುತ್ತಣ ವಿಶಾಲವಾದ ಪ್ರದೇಶದಲ್ಲಿ ೧೯೬೦ರಲ್ಲಿ ಸ್ನಾತಕೋತ್ತರ ಕೇಂದ್ರ ನೆಲೆಗೊಂಡಿತು. ಅದಕ್ಕೆ ಕುವೆಂಪು ಇಟ್ಟ ಹೆಸರು ಮಾನಸಗಂಗೋತ್ರಿ. ಗಂಗೋತ್ರಿ ಎಂದರೆ ನದಿ ಹುಟ್ಟುವ ಸ್ಥಳ, ತುಂಬಿ ಹರಿಯುವ ಸ್ಥಳವಲ್ಲ. ಹರಿಯಬೇಕಾದುದು ಕೆಳಗೆ, ಬಯಲಿನಲ್ಲಿ. ಈ ಹೆಸರಿನ ಅರ್ಥವನ್ನು ಬಿಡಿಸಿಕೊಂಡರೆ ಪ್ರಸಾರಾಂಗದ ಕಲ್ಪನೆ ಇಲ್ಲಿಯೂ ಇದೆ ಎಂದು ತಿಳಿಯುತ್ತದೆ. ಕಟ್ಟಡಗಳು ಎದ್ದು, ವಿಭಾಗಗಳು ತುಂಬಿ, ಗ್ರಂಥಾಲಯ ಬೆಳೆದದ್ದು ಮುಂದಿನವರ ಕಾಲದಲ್ಲಿ. ೧೯೬೪ರಿಂದ ೧೯೬೯ರವರೆಗೆ ಉಪಕುಲಪತಿಗಳಾಗಿದ್ದ ಕೆ.ಎಲ್. ಶ್ರೀಮಾಲಿಯವರಿಗೂ, ಅವರ ತರುವಾಯ ೧೯೭೫ರವರೆಗೆ ಇದ್ದ ದೇ. ಜವರೇಗೌಡರಿಗೂ ಅದರಲ್ಲಿ ಪಾಲಿದೆ. ನೆಲ, ಹಣ, ಅನುಮತಿ ಇವು ಒದಗಿದರೆ ಇಂಥ ಕೆಲಸ ನಡೆಯುತ್ತದೆ. ಅಧ್ಯಾಪಕ ಸ್ವಲ್ಪ ಗೊಣಗಿದರೂ ತನ್ನ ಮೇಜು ಕುರ್ಚಿಗಳನ್ನು ಹೊಸ ಕಟ್ಟಡಕ್ಕೆ ಸಾಗಿಸುತ್ತಾನೆ.

ಮೂರನೆಯದು ಹಾಗಲ್ಲ. ಅದು ನಡೆಯಬೇಕಾದುದು ಅಧ್ಯಾಪಕನ ಬಾಯಿಯಲ್ಲಿ.

ಕನ್ನಡ ಮಾಧ್ಯಮದ ಬಗ್ಗೆ ಕುವೆಂಪು ಅವರ ನಿಲುವು ಎಲ್ಲರಿಗೂ ತಿಳಿದದ್ದು. ಆಡಳಿತಗಾರರಾಗಿ ಅವರು ಕೈಕೊಂಡ ಕ್ರಮ ಮಾತ್ರ ಆತುರದ್ದಾಗಿರಲಿಲ್ಲ. ಇಂಗ್ಲಿಷ್ ತರಗತಿಗಳನ್ನು ಮುಚ್ಚಲಿಲ್ಲ. ಅದರ ಪಕ್ಕದಲ್ಲಿಯೇ ಕನ್ನಡ ತರಗತಿಗಳನ್ನು ತೆರೆಯುವುದು, ಬೇಕಾದವರು ಬೇಕಾದುದನ್ನು ಆರಿಸಿಕೊಳ್ಳುವುದು. ಕನ್ನಡದಲ್ಲಿ ಪಾಠ ಹೇಳಬಲ್ಲ ಅಧ್ಯಾಪಕರ ನೇಮಕ, ಬೇರೆ ಬೇರೆ ಜ್ಞಾನಶಾಖೆಗಳಲ್ಲಿ ಕನ್ನಡ ಪಠ್ಯಪುಸ್ತಕಗಳ ರಚನೆ, ಪ್ರಚಾರೋಪನ್ಯಾಸ ಮಾಲೆಗೆ ಹೊಸ ಬಲ, ಇವೆಲ್ಲ ಅದರ ಜೊತೆಗೆ. ಯೋಜನೆಯಾಗಿ ನೋಡಿದರೆ ಇದರಲ್ಲಿ ತಪ್ಪು ಹುಡುಕುವುದು ಕಷ್ಟ.

ಆದರೂ ಅದು ಅರ್ಧ ದಾರಿಯಲ್ಲಿ ನಿಂತಿತು. ಕಲೆಯ ವಿಷಯಗಳಲ್ಲಿ ಕನ್ನಡ ತರಗತಿಗಳು ಬೇರೂರಿದವು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳನ್ನು ಕನ್ನಡದಲ್ಲಿ ಓದಿ ಬರೆದು ಪದವಿ ಪಡೆದವರ ಸಂಖ್ಯೆ ದೊಡ್ಡದು. ವಿಜ್ಞಾನದ ಉನ್ನತ ತರಗತಿಗಳು ಮಾತ್ರ ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ವೈದ್ಯ, ಎಂಜಿನಿಯರಿಂಗ್ ಕಾಲೇಜುಗಳ ಮಾತಂತೂ ಬೇಡ.

ಇದಕ್ಕೆ ಇಂಗ್ಲಿಷ್ ವ್ಯಾಮೋಹವೇ ಕಾರಣ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ನಮ್ಮಲ್ಲಿ ವಾಡಿಕೆ. ವ್ಯಾಮೋಹ ಇತ್ತು, ಇದೆ. ಆದರೆ ಅಧ್ಯಾಪಕನ ಜಾಗದಲ್ಲಿ ನಿಂತು ನೋಡಿದರೆ ಬೇರೆ ಸಂಗತಿಗಳೂ ಕಾಣುತ್ತವೆ. ಆತ ಮೂವತ್ತು ವರ್ಷದ ಯುವಕ ಎಂದಿಟ್ಟುಕೊಳ್ಳಿ. ಭೌತಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಕಲಿತವನು. ಆಕ್ಸಿಲರೇಷನ್ ಎಂದು ಹೇಳಿ ಅಭ್ಯಾಸವಾದ ನಾಲಗೆ ವೇಗೋತ್ಕರ್ಷ ಎನ್ನಬೇಕು. ಮಾಸ್ ಎಂದಿದ್ದುದು ದ್ರವ್ಯರಾಶಿಯಾಗಬೇಕು. ಆತ ಬರೆಯಲು ಹೊರಟರೆ, ಇದೇ ವಸ್ತುವಿಗೆ ಇನ್ನೊಬ್ಬರು ಬೇರೆ ಪದ ಬಳಸಿದ್ದಾರೆ. ಪಠ್ಯಪುಸ್ತಕ ಒಂದಿರಬಹುದು; ಅದನ್ನು ಮೀರಿ ಓದಬೇಕೆನ್ನುವ ಹುಡುಗನಿಗೆ ಕೊಡಲು ಎರಡನೆಯ ಪುಸ್ತಕವಿಲ್ಲ. ಆ ಹುಡುಗ ಮುಂದೆ ಎಂ.ಎಸ್‌ಸಿ.ಗೆ ಹೋದರೆ ಅಲ್ಲಿ ಇಂಗ್ಲಿಷು, ಕೆಲಸದ ಸಂದರ್ಶನಕ್ಕೆ ಹೋದರೆ ಅಲ್ಲಿ ಇಂಗ್ಲಿಷು. ಕನ್ನಡದಲ್ಲಿ ಕಲಿಸಿ ಈ ಹುಡುಗನಿಗೆ ನಾನು ಉಪಕಾರ ಮಾಡಿದೆನೋ ಅಪಕಾರ ಮಾಡಿದೆನೋ ಎಂಬ ಅಳುಕು ಪ್ರಾಮಾಣಿಕನಾದ ಅಧ್ಯಾಪಕನನ್ನು ಕಾಡದೆ ಇರುವುದಿಲ್ಲ. ಇದರ ಜೊತೆಗೆ, ಇಷ್ಟೆಲ್ಲ ಹೊಸ ಶ್ರಮಕ್ಕೆ ಆತನ ಪಾಠದ ಗಂಟೆ ಕಡಿಮೆಯಾಗದು, ಬಡ್ತಿ ಬೇಗ ಬಾರದು.

ಇದೇ ಅಧ್ಯಾಪಕನ ಎದುರು ಇನ್ನೊಬ್ಬನಿದ್ದಾನೆ. ಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಓದಿ, ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಲು ಹತ್ತಿದ ಹುಡುಗ ಅಥವಾ ಹುಡುಗಿ. ವಿಷಯ ತಿಳಿಯುವ ಬುದ್ಧಿ ಇದೆ, ವಾಕ್ಯ ತಿಳಿಯುವುದಿಲ್ಲ. ಟಿಪ್ಪಣಿಯನ್ನು ಉರು ಹೊಡೆದು ಪರೀಕ್ಷೆ ದಾಟುತ್ತಾನೆ ಇಲ್ಲವೆ ದಾಟದೆ ಊರಿಗೆ ಮರಳುತ್ತಾನೆ. ಮಲೆನಾಡಿನ ಮೂಲೆಯಿಂದ ಮೈಸೂರಿಗೆ ಬಂದ ಕುವೆಂಪು ಅವರ ಕಣ್ಣ ಮುಂದಿದ್ದವನು ಈ ಹುಡುಗ. ಸುತ್ತೋಲೆಯ ಎರಡು ತುದಿಗಳಲ್ಲಿ ಇಬ್ಬರು ಪ್ರಾಮಾಣಿಕರು ನಿಂತಿದ್ದರು ಎಂದು ಹೇಳಬೇಕಾಗುತ್ತದೆ. ಹಳ್ಳಿಯ ಹುಡುಗ ತಿಳಿಯದೆ ಸೋಲುತ್ತಾನೆ ಎಂಬುದು ಒಬ್ಬರ ಕಳವಳ, ತಿಳಿದೂ ಹೊರಗೆ ಸೋಲುತ್ತಾನೆ ಎಂಬುದು ಇನ್ನೊಬ್ಬರ ಕಳವಳ. ಈ ಎರಡಕ್ಕೂ ಒಟ್ಟಿಗೆ ಉತ್ತರ ಕೊಡುವ ಶಕ್ತಿ ಒಬ್ಬ ಉಪಕುಲಪತಿಯ ನಾಲ್ಕು ವರ್ಷಗಳಿಗೆ ಮೀರಿದ್ದು. ಸರ್ಕಾರದ ನೌಕರಿಯ ನಿಯಮ, ದೆಹಲಿಯ ಪರೀಕ್ಷೆ, ಕೈಗಾರಿಕೆಯ ವ್ಯವಹಾರ ಇವು ಆತನ ಸುತ್ತೋಲೆಗೆ ಒಳಪಟ್ಟವಲ್ಲ.

ಇಲ್ಲಿ ಇನ್ನೊಂದು ವಿಶ್ವವಿದ್ಯಾನಿಲಯದ ಅನುಭವವನ್ನು ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಮೈಸೂರಿಗಿಂತ ಎರಡು ವರ್ಷ ಚಿಕ್ಕದಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಹುಟ್ಟಿದುದೇ ಉರ್ದು ಮಾಧ್ಯಮದಲ್ಲಿ. ೧೯೧೮ರಲ್ಲಿ ಅದು ಸ್ಥಾಪನೆಯಾಗುವ ಮೊದಲೇ, ೧೯೧೭ರಲ್ಲಿ, ಅನುವಾದಕ್ಕಾಗಿಯೇ ಒಂದು ಇಲಾಖೆಯನ್ನು ತೆರೆದು ಮೌಲ್ವಿ ಅಬ್ದುಲ್ ಹಕ್ ಅವರಂಥ ವಿದ್ವಾಂಸರಿಗೆ ವಹಿಸಿದರು. ಗಣಿತ, ವಿಜ್ಞಾನ, ಇತಿಹಾಸ, ತತ್ತ್ವಶಾಸ್ತ್ರದ ಗ್ರಂಥಗಳು ಅನುವಾದವಾದವು. ಪರಿಭಾಷೆಯನ್ನು ವಿದ್ವಾಂಸರು ಕೂತು ಚರ್ಚಿಸಿ ನಿಶ್ಚಯಿಸಿದರು. ವೈದ್ಯವನ್ನೂ ಎಂಜಿನಿಯರಿಂಗನ್ನೂ ಉರ್ದುವಿನಲ್ಲಿ ಕಲಿಸಿದರು. ಪುಸ್ತಕ ಮೊದಲು, ತರಗತಿ ಆಮೇಲೆ ಎಂಬ ಈ ಕ್ರಮದಿಂದ ಭಾರತೀಯ ಭಾಷೆಯೊಂದು ಉನ್ನತ ವಿದ್ಯೆಯ ಭಾರವನ್ನು ಹೊರಬಲ್ಲುದು ಎಂಬುದು ಸಿದ್ಧವಾಯಿತು.

ಆದರೆ ಆ ಪ್ರಯೋಗದ ಇನ್ನೊಂದು ಮುಖವೂ ಇದೆ. ಆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಕಲಬುರಗಿ, ರಾಯಚೂರು, ಬೀದರುಗಳಿಂದ ಹೋದ ಕನ್ನಡದ ಹುಡುಗನಿಗೆ ಉರ್ದುವೂ ಕಲಿತೇ ಬರಬೇಕಾದ ಭಾಷೆಯಾಗಿತ್ತು. ಆಸ್ಥಾನದ ಆಜ್ಞೆಯ ಬಲದಿಂದ ನಿಂತದ್ದು, ೧೯೪೮ರಲ್ಲಿ ಆ ಆಸ್ಥಾನ ಹೋದ ಮೇಲೆ ಹೆಚ್ಚು ಕಾಲ ನಿಲ್ಲಲಿಲ್ಲ. ಉಸ್ಮಾನಿಯಾದಲ್ಲಿ ಸಿದ್ಧತೆ ಇತ್ತು, ಕೆಳಗೆ ಜನಭಾಷೆಯ ನೆಲವಿರಲಿಲ್ಲ. ಮೈಸೂರಿನಲ್ಲಿ ನೆಲವಿತ್ತು, ಸಿದ್ಧತೆ ತಡವಾಗಿ ಬಂತು. ಎರಡೂ ಕೂಡಿದ ಒಂದು ಪ್ರಯೋಗವನ್ನು ನಾವು ಇನ್ನೂ ಕಾಣಬೇಕಾಗಿದೆ.

ಕುವೆಂಪು ಅವರ ಅವಧಿ ಮುಗಿದ ಮೇಲೆ ನಡೆದುದನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ೧೯೬೬ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಹುಟ್ಟಿತು. ಮುಂದೆ ಅದಕ್ಕೆ ಕುವೆಂಪು ಅವರ ಹೆಸರೇ ಬಂತು. ೧೯೬೮ರಲ್ಲಿ ಜಾನಪದ ವಸ್ತುಸಂಗ್ರಹಾಲಯ ಬಂತು; ರಾಜಕುಮಾರಿಯ ಅರಮನೆಯಲ್ಲಿ ಒನಕೆ, ಬೀಸುವ ಕಲ್ಲು, ತೊಗಲುಗೊಂಬೆಗಳು ಬಂದು ಕುಳಿತವು. ೧೯೬೯ರಲ್ಲಿ ಕನ್ನಡ ವಿಶ್ವಕೋಶದ ಮೊದಲ ಸಂಪುಟ ಹೊರಬಂತು, ಮುಂದೆ ಅದು ಒಟ್ಟು ೧೪ ಸಂಪುಟಗಳಾಗಿ ಬೆಳೆಯಿತು. ಇಂಗ್ಲಿಷ್–ಕನ್ನಡ ನಿಘಂಟಂತೂ ೧೯೪೬ರಲ್ಲಿಯೇ ಬಂದಿತ್ತು. ಇವೆಲ್ಲ ಕನ್ನಡದಲ್ಲಿ ವಿದ್ಯೆಯನ್ನು ನಿಲ್ಲಿಸುವುದಕ್ಕೆ ಬೇಕಾದ ಅಡಿಗಲ್ಲುಗಳು. ವಿಶ್ವಕೋಶಕ್ಕೆ ಲೇಖನ ಬರೆದ ಸಸ್ಯಶಾಸ್ತ್ರದ, ಭೂವಿಜ್ಞಾನದ, ಗಣಿತದ ಅಧ್ಯಾಪಕರಿಗೆ, ನಾಳೆಯಿಂದ ತರಗತಿಯಲ್ಲಿ ಕನ್ನಡದಲ್ಲಿಯೇ ಮಾತನಾಡಬೇಕು ಎಂಬ ಕಟ್ಟಳೆ ಇರಲಿಲ್ಲ. ನಿಮಗೆ ತಿಳಿದ ಒಂದು ವಿಷಯವನ್ನು ಕನ್ನಡದಲ್ಲಿ ಎರಡು ಪುಟ ಬರೆದುಕೊಡಿ ಎಂಬ ಕೋರಿಕೆ ಇತ್ತು. ಬರೆದರು. ಬರೆದ ಮೇಲೆ, ನನಗೂ ಬರುತ್ತದೆ ಎಂಬ ಧೈರ್ಯ ಬಂತು. ಹತ್ತು ಸಭೆಗಳ ಭಾಷಣಕ್ಕಿಂತ ಈ ಎರಡು ಪುಟದ ಕೆಲಸ ಹೆಚ್ಚು ದೂರ ಹೋಯಿತು.

ಈಗ ಸುತ್ತೋಲೆಯ ಮಾತಿಗೆ ಬರೋಣ. ಕಾಲೇಜಿನಲ್ಲಿ ಕೆಲಸ ಮಾಡಿದವರೆಲ್ಲರಿಗೂ ಆ ದೃಶ್ಯ ಗೊತ್ತು. ಪಾಠ ನಡೆಯುತ್ತಿರುವಾಗ ಅಟೆಂಡರು ಉದ್ದನೆಯ ಒಂದು ಪುಸ್ತಕವನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾನೆ. ಅಧ್ಯಾಪಕ ಒಂದು ಕೈಯಲ್ಲಿ ಸೀಮೆಸುಣ್ಣ ಹಿಡಿದೇ ಇನ್ನೊಂದು ಕೈಯಿಂದ ಪುಸ್ತಕ ಪಡೆದು, ತನ್ನ ಹೆಸರಿನ ಮುಂದೆ ರುಜು ಹಾಕಿ ಹಿಂತಿರುಗಿಸುತ್ತಾನೆ. ಏನಿತ್ತು ಎಂದು ಕೇಳಿದರೆ ಹೇಳಲಾರ. ನಾನು ಕೆಲಸ ಮಾಡಿದ ಕಡೆಗಳಲ್ಲಿಯೂ ಹೀಗೆ ರುಜುವಾದ ಸುತ್ತೋಲೆಗಳು ನೂರಾರು. ಈಗ ಪುಸ್ತಕದ ಬದಲು ಕೈಯಲ್ಲಿರುವ ದೂರವಾಣಿಯ ತೆರೆಯ ಮೇಲೆ ಅದು ಮೂಡುತ್ತದೆ. ರುಜುವಿನ ಬದಲು ಒಂದು ಗುರುತು ಬೀಳುತ್ತದೆ. ವೇಗ ಹೆಚ್ಚಿದೆ. ಓದಿದವರು ಹೆಚ್ಚಿದ್ದಾರೆಯೆ?

ಸುದ್ದಿ ತಲುಪಿತು ಎನ್ನುವುದಕ್ಕೂ ಕೆಲಸ ಹಿಡಿಯಿತು ಎನ್ನುವುದಕ್ಕೂ ನಡುವೆ ಇರುವ ಅಂತರ ಎಲ್ಲ ಕಾಲದಲ್ಲಿಯೂ ಇದ್ದದ್ದೇ. ಅದನ್ನು ಕಡಿಮೆ ಮಾಡುವುದು ಹೇಗೆ ಎಂಬುದಕ್ಕೆ ಮೈಸೂರಿನ ಈ ಚರಿತ್ರೆಯಲ್ಲಿ ಸೂಚನೆಗಳಿವೆ. ಹೊಸ ಯೋಜನೆಯೊಂದನ್ನು ಪ್ರಕಟಿಸುವ ಕುಲಪತಿ ತನ್ನ ಅಧ್ಯಾಪಕರಿಗೆ ಅದರ ಉದ್ದೇಶವನ್ನು ಹೇಳುವುದು ವಾಡಿಕೆ. ಅದರ ಜೊತೆಗೆ ಮೂರು ಸಂಗತಿಗಳನ್ನು ಹೇಳಬೇಕು. ಈ ಕೆಲಸವನ್ನು ನಿಮ್ಮಲ್ಲಿ ಯಾರು ಈಗಾಗಲೇ ಆರಂಭಿಸಿದ್ದಾರೆ ಎಂಬುದು ಮೊದಲನೆಯದು. ಇದನ್ನು ಹೊರುವವರ ಹೆಗಲಿನಿಂದ ಯಾವ ಭಾರವನ್ನು ಇಳಿಸಲಾಗುತ್ತದೆ ಎಂಬುದು ಎರಡನೆಯದು. ಇದರಿಂದ ನಿಮಗಿರುವ ಅಂಜಿಕೆ ಏನು, ಹೇಳಿ, ಕೇಳುತ್ತೇನೆ ಎಂಬುದು ಮೂರನೆಯದು. ಪ್ರಸಾರಾಂಗ ಬಾಳಿದ್ದಕ್ಕೆ ಮೊದಲನೆಯದು ಕಾರಣ. ಅಧ್ಯಾಪಕರು ಇಪ್ಪತ್ತು ವರ್ಷಗಳಿಂದ ಮಾಡುತ್ತಿದ್ದುದಕ್ಕೆ ಅಲ್ಲಿ ಹೆಸರೂ ಮನೆಯೂ ದೊರೆತವು. ವಿಜ್ಞಾನದಲ್ಲಿ ಕನ್ನಡ ಮಾಧ್ಯಮ ಬಳಲಿದ್ದಕ್ಕೆ ಎರಡನೆಯದರ ಅಭಾವ ಒಂದು ದೊಡ್ಡ ಕಾರಣ.

ಅಧ್ಯಾಪಕರ ಕಡೆಗೂ ಒಂದು ಮಾತು ಇದೆ. ಮೇಲಿನಿಂದ ಬಂದುದೆಲ್ಲ ವ್ಯರ್ಥ ಎಂದು ರುಜು ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಬೆಳ್ಳಾವೆಯವರಿಗೂ ಗೋಪಾಲಸ್ವಾಮಿಯವರಿಗೂ ಪಾಠದ ಗಂಟೆಗಳಿದ್ದವು, ಉತ್ತರಪತ್ರಿಕೆಗಳ ಕಟ್ಟುಗಳಿದ್ದವು, ಸಂಬಳ ಹೆಚ್ಚಿನದೇನೂ ಆಗಿರಲಿಲ್ಲ. ಅವರು ಆದೇಶಕ್ಕಾಗಿ ಕಾಯಲಿಲ್ಲ, ಆದೇಶ ಬರಲಿಲ್ಲವೆಂದು ದೂರಲೂ ಇಲ್ಲ.

೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ ಉನ್ನತ ವಿದ್ಯೆಯನ್ನು ದೇಶಭಾಷೆಗಳಲ್ಲಿ ಕೊಡುವ ಮಾತನ್ನು ಮತ್ತೆ ಎತ್ತಿತು. ನೀತಿಗಳು ಬರುತ್ತವೆ, ಬದಲಾಗುತ್ತವೆ. ಆ ಮಾತು ಮಾತ್ರ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಹಳ್ಳಿಯ ಆ ಹುಡುಗ, ಆ ಹುಡುಗಿ ಇನ್ನೂ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾರೆ. ಮುಂದೊಂದು ದಿನ ಯಾವುದೋ ವಿಶ್ವವಿದ್ಯಾನಿಲಯದ ಕುಲಪತಿ ಈ ಬಗ್ಗೆ ಮತ್ತೊಂದು ಸುತ್ತೋಲೆ ಹೊರಡಿಸುತ್ತಾರೆ. ಹೊರಡಿಸುವ ಮುನ್ನ ಅವರು ತಮ್ಮ ಅಧ್ಯಾಪಕರ ಕೊಠಡಿಗೆ ಒಮ್ಮೆ ಹೋಗಿ, ಯಾರ ಮೇಜಿನ ಮೇಲೆ ಕನ್ನಡದಲ್ಲಿ ಬರೆದ ಪಾಠದ ಟಿಪ್ಪಣಿಗಳಿವೆ ಎಂದು ನೋಡಲಿ. ಅಂಥವರು ಎಲ್ಲ ಕಾಲೇಜುಗಳಲ್ಲಿಯೂ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಸುತ್ತೋಲೆಯ ಮೊದಲ ಸಾಲಿನಲ್ಲಿ ಅವರ ಕೆಲಸದ ಪ್ರಸ್ತಾಪ ಬರಲಿ.